ಯಹೂದಿಗಳನ್ನು ಬಚ್ಚಿಟ್ಟ ಸಾಮಾನ್ಯ ಜನ: ಯಾವ ಪುಸ್ತಕದಿಂದ ಶುರು ಮಾಡಲಿ?

ಪ್ರಶ್ನೆ: 'ಶಿಂಡ್ಲರ್ಸ್ ಲಿಸ್ಟ್' ಸಿನಿಮಾ ನೋಡಿದ ಮೇಲೆ, ಹಿಟ್ಲರನ ನಾಜಿಗಳು ಯಹೂದಿಗಳನ್ನು ಕೊಲ್ಲುತ್ತಿದ್ದ ಆ ಕಾಲದ ಬಗ್ಗೆ ಓದಬೇಕು ಅನ್ನಿಸಿದೆ. ಆದರೆ ಕಾರ್ಖಾನೆ ಮಾಲೀಕರು, ರಾಯಭಾರಿಗಳ ಕಥೆ ಬೇಡ. ಅಧಿಕಾರವೂ ಇಲ್ಲದ, ದುಡ್ಡೂ ಇಲ್ಲದ ಜನ ಯಹೂದಿಗಳನ್ನು ಬಚ್ಚಿಟ್ಟು ಉಳಿಸಿದ ಬಗ್ಗೆ ಒಳ್ಳೆಯ ಪುಸ್ತಕ ಯಾವುವು? ಯಾವುದು ನಿಜ, ಯಾವುದು ಕಾದಂಬರಿ ಅಂತ ಗೊತ್ತಾಗುತ್ತಿಲ್ಲ. ಅವರು ಯಾಕೆ ಹಾಗೆ ಮಾಡಿದರು ಅನ್ನುವುದಕ್ಕೆ ಯಾರಾದರೂ ಉತ್ತರ ಹುಡುಕಿದ್ದಾರಾ? ಎಂಟನೇ ಕ್ಲಾಸಿನ ಮಗಳೂ ಜೊತೆಗೆ ಓದುತ್ತೇನೆ ಅಂತಿದ್ದಾಳೆ.

ಉತ್ತರ: ಮೊದಲು ಮೀಪ್ ಗೀಸ್ ಅವರ 'ಆನ್ ಫ್ರಾಂಕ್ ರಿಮೆಂಬರ್ಡ್' ಓದಿ. 1987ರಲ್ಲಿ ಬಂದದ್ದು, ಆಲಿಸನ್ ಲೆಸ್ಲಿ ಗೋಲ್ಡ್ ಜೊತೆ ಸೇರಿ ಬರೆದದ್ದು. ಆನ್ ಫ್ರಾಂಕ್ ಡೈರಿಯನ್ನು ನೀವು ಓದಿರಬಹುದು. ಅದು ಅಡಗಿ ಕೂತವರು ಬರೆದದ್ದು. ಇದು ಅವರಿಗೆ ಹೊರಗಿನಿಂದ ಅನ್ನ ತಂದುಕೊಟ್ಟವರು ಹೇಳಿದ್ದು.

ಆಮ್‌ಸ್ಟರ್‌ಡಾಮಿನಲ್ಲಿ ಆನ್‌ಳ ಅಪ್ಪ ಒಟ್ಟೊ ಫ್ರಾಂಕ್ ಅವರ ಕಂಪನಿಯಲ್ಲಿ ಮೀಪ್ ಆಫೀಸ್ ಕೆಲಸಕ್ಕಿದ್ದರು. ಗಿರಾಕಿಗಳ ದೂರು ಕೇಳುವುದು, ಟೈಪ್ ಮಾಡುವುದು, ಇಂಥ ಕೆಲಸ. 1942ರಲ್ಲಿ ಒಟ್ಟೊ ಮೀಪ್ ಅವರನ್ನು ಕರೆದು, ನಾವು ಅಡಗಿಕೊಳ್ಳಬೇಕು ಅಂತಿದ್ದೇವೆ, ನಮ್ಮನ್ನು ನೋಡಿಕೊಳ್ಳುವ ಹೊಣೆ ಹೊರುತ್ತೀರಾ ಅಂತ ಕೇಳಿದರು. ಖಂಡಿತ ಅಂದರು ಮೀಪ್. ಅಲ್ಲಿಂದ ಶುರುವಾಗುವುದು ಸಾಮಾನು ಸರಂಜಾಮಿನ ಕಥೆ, ಪುಸ್ತಕದ ಜೀವವೂ ಅಲ್ಲೇ ಇದೆ. ಎಲ್ಲದಕ್ಕೂ ರೇಷನ್ ಕೂಪನ್ ಬೇಕಿದ್ದ ಕಾಲ, ಅಡಗಿದವರಿಗೆ ಕೂಪನ್ ಕೇಳುವ ಹಾಗಿಲ್ಲ. ಮೀಪ್ ಗಂಡ ಯಾನ್ ನಾಜಿಗಳ ವಿರುದ್ಧ ಕೆಲಸ ಮಾಡುತ್ತಿದ್ದ ಗುಪ್ತ ಗುಂಪುಗಳ ಕಡೆಯಿಂದ ಕೂಪನ್ ಹೊಂದಿಸುತ್ತಿದ್ದರು. ಆಮೇಲೆ ಎಂಟು ಜನಕ್ಕಾಗುವಷ್ಟು ತರಕಾರಿ, ಆಲೂಗಡ್ಡೆಯನ್ನು ಯಾರಿಗೂ ಅನುಮಾನ ಬಾರದ ಹಾಗೆ ಕೊಳ್ಳಬೇಕು. ಇಷ್ಟೊಂದು ಯಾರಿಗೆ ಅಂತ ತರಕಾರಿ ಅಂಗಡಿಯವನು ಒಂದು ದಿನವೂ ಕೇಳಲಿಲ್ಲ. ಯಾಕೆಂದರೆ ಅವನ ಮನೆಯಲ್ಲೂ ಇಬ್ಬರು ಯಹೂದಿಗಳು ಅಡಗಿದ್ದರು! 1944ರ ಮೇ ತಿಂಗಳಲ್ಲಿ ಅವನು ಸಿಕ್ಕಿಬಿದ್ದ. ಆಗ ಇತ್ತ ಎಂಟು ಜನರ ಊಟಕ್ಕೂ ಕುತ್ತು ಬಂತು.

1944ರ ಆಗಸ್ಟ್ 4ರಂದು ಪೊಲೀಸರು ಬಂದು ಎಂಟೂ ಜನರನ್ನು ಹಿಡಿದುಕೊಂಡು ಹೋದರು. ನೆರವಾಗುತ್ತಿದ್ದ ಇಬ್ಬರು ಗಂಡಸರನ್ನೂ ಒಯ್ದರು. ಹಿಡಿಯಲು ಬಂದ ಅಧಿಕಾರಿ ವಿಯೆನ್ನಾದವನು. ಮೀಪ್ ಹುಟ್ಟಿದ್ದೂ ವಿಯೆನ್ನಾದಲ್ಲೇ, ಮೊದಲ ಮಹಾಯುದ್ಧದ ನಂತರ ಹೊಟ್ಟೆಗಿಲ್ಲದೆ ಸೊರಗಿದ ಮಕ್ಕಳನ್ನು ಹಾಲೆಂಡಿಗೆ ಕಳಿಸಿದಾಗ ಬಂದು ಅಲ್ಲೇ ಉಳಿದ ಹುಡುಗಿ ಅವರು. ಅದನ್ನೇ ನೆಚ್ಚಿಕೊಂಡು, ಆಮೇಲೆ ಅವನ ಆಫೀಸಿಗೇ ಹೋಗಿ ಲಂಚ ಕೊಟ್ಟು ಬಿಡಿಸಲು ನೋಡಿದರು. ಆಗಲಿಲ್ಲ. ನೆಲದ ಮೇಲೆ ಬಿದ್ದಿದ್ದ ಡೈರಿ ಹಾಳೆಗಳನ್ನು ಆಯ್ದು ಮೇಜಿನ ಡ್ರಾದಲ್ಲಿಟ್ಟವರೂ ಮೀಪ್ ಮತ್ತು ಅವರ ಜೊತೆಯ ಬೆಪ್. ಮೀಪ್ ಅದನ್ನು ಓದಲಿಲ್ಲ. ಓದಿದ್ದರೆ ಸುಟ್ಟುಬಿಡುತ್ತಿದ್ದೆ, ಅದರಲ್ಲಿ ನೆರವಾದವರ ಹೆಸರೆಲ್ಲ ಇತ್ತು ಅಂತ ಆಮೇಲೆ ಹೇಳಿದ್ದಾರೆ. ತನ್ನನ್ನು ಯಾರೂ ವೀರಳು ಅನ್ನಬೇಡಿ ಅಂತ ಪುಸ್ತಕದ ಶುರುವಿನಲ್ಲೇ ಹೇಳಿಬಿಡುತ್ತಾರೆ. ಸುಮ್ನೆ ವಿನಯಕ್ಕೆ ಹೇಳಿದ ಮಾತಲ್ಲ ಅಂತ ಓದುತ್ತಾ ಹೋದಂತೆ ಗೊತ್ತಾಗುತ್ತದೆ.

ಇದನ್ನೇ ಮೊದಲು ಹೇಳಿದ್ದಕ್ಕೆ ಕಾರಣ ಇದೆ. ಈ ವಿಷಯದ ಮೇಲೆ ಪುಸ್ತಕಗಳು ರಾಶಿ ಇವೆ, ಆದರೆ ಅರ್ಧಕ್ಕರ್ಧ ಪುಸ್ತಕಗಳು ಉಳಿಸಿದವರನ್ನು ದೇವರ ಪಟ ಮಾಡಿ ಗೋಡೆಗೆ ತೂಗುಹಾಕುತ್ತವೆ. ಓದಿ ಕಣ್ಣು ಒದ್ದೆಯಾಗುತ್ತದೆ, ನಿಜ. ಆದರೆ ಆ ಕೆಲಸ ನಡೆದದ್ದು ಹೇಗೆ ಅಂತ ಗೊತ್ತಾಗುವುದಿಲ್ಲ. ದುಡ್ಡು ಎಲ್ಲಿಂದ ಬಂತು, ಮಲದ ಬಕೆಟ್ ಯಾರು ಖಾಲಿ ಮಾಡಿದರು, ಪಕ್ಕದ ಮನೆಯವರಿಗೆ ಏನು ಹೇಳಿದರು, ಗಂಡ ಹೆಂಡತಿ ಜಗಳ ಆಡಲಿಲ್ಲವಾ? ಇದನ್ನೆಲ್ಲ ಹೇಳುವ ಪುಸ್ತಕವೇ ಒಳ್ಳೆಯ ಪುಸ್ತಕ ಅನ್ನುವುದು ನನ್ನ ಅಳತೆ.

ಆ ಅಳತೆಗೆ ಎಲ್ಲಕ್ಕಿಂತ ಚೆನ್ನಾಗಿ ಕೂರುವುದು ಲ್ವೀವ್ ಊರಿನ ಚರಂಡಿಯ ಕಥೆ. ಈಗ ಉಕ್ರೇನಿನಲ್ಲಿರುವ ಈ ಊರು ಆಗ ಪೋಲೆಂಡಿನದು, ಜರ್ಮನ್ನರ ಕೈಯಲ್ಲಿತ್ತು. 1943ರಲ್ಲಿ ಅಲ್ಲಿನ ಯಹೂದಿ ಕೇರಿಯನ್ನು ಪೂರ್ತಿ ನಾಶ ಮಾಡುವಾಗ ಕೆಲವರು ಮನೆಯ ನೆಲ ಕೊರೆದು ಊರಿನ ಒಳಚರಂಡಿಗೆ ಇಳಿದರು. ಅಲ್ಲಿ ಅವರಿಗೆ ಎದುರಾದವನು ಲಿಯೊಪೋಲ್ಡ್ ಸೋಖಾ, ಚರಂಡಿ ಕೆಲಸಗಾರ. ಹಿಂದೆ ಕಳ್ಳತನ ಮಾಡಿದವನು. ಅವನು ಅವರನ್ನು ಹಿಡಿದುಕೊಡಲಿಲ್ಲ, ದುಡ್ಡು ಕೇಳಿದ. ದಿನಕ್ಕೆ 500 ಝ್ಲೋಟಿ. ಅವನೂ ಅವನ ಜೊತೆಯ ಇಬ್ಬರು ಕೆಲಸಗಾರರೂ ಬ್ರೆಡ್ಡು ತಂದುಕೊಟ್ಟರು, ಜಾಗ ಬದಲಿಸಿಕೊಟ್ಟರು. ಸೋಖಾನ ಹೆಂಡತಿ ಅವರ ಬಟ್ಟೆ ಒಗೆದು ಕಳಿಸುತ್ತಿದ್ದಳು. ಕೆಲವು ತಿಂಗಳಾದ ಮೇಲೆ ದುಡ್ಡು ಮುಗಿಯಿತು. ಅವನು ಬರುವುದು ಮಾತ್ರ ನಿಲ್ಲಲಿಲ್ಲ. ಇಳಿದವರಲ್ಲಿ ಕೆಲವರು ಅಲ್ಲೇ ಸತ್ತರು, ಕೆಲವರು ತಡೆಯಲಾರದೆ ಮೇಲೆ ಹೋಗಿ ಸತ್ತರು. 14 ತಿಂಗಳ ನಂತರ, 1944ರ ಜುಲೈನಲ್ಲಿ ಹತ್ತು ಜನ ಬದುಕಿ ಹೊರಗೆ ಬಂದರು. ಅವರಲ್ಲಿ ಇಬ್ಬರು ಪುಟ್ಟ ಮಕ್ಕಳು.

ಈ ಕಥೆಗೆ ಎರಡು ಪುಸ್ತಕ ಇವೆ. ರಾಬರ್ಟ್ ಮಾರ್ಷಲ್ ಬರೆದ 'ಇನ್ ದ ಸೂಯರ್ಸ್ ಆಫ್ ಲ್ವೋವ್' ಪತ್ರಕರ್ತನ ಶೈಲಿಯದು, ಬಿಗಿಯಾಗಿ ಓದಿಸಿಕೊಂಡು ಹೋಗುತ್ತದೆ. 'ದ ಗರ್ಲ್ ಇನ್ ದ ಗ್ರೀನ್ ಸ್ವೆಟರ್' ಆ ಇಬ್ಬರು ಮಕ್ಕಳಲ್ಲಿ ಒಬ್ಬಳಾದ ಕ್ರಿಸ್ಟಿನಾ ಖೀಗರ್ 2008ರಲ್ಲಿ ಬರೆದ ನೆನಪುಗಳು. ದಿನಾ ದುಡ್ಡು ಎಣಿಸಿ ಕೊಡುತ್ತಿದ್ದವರು ಅವಳ ಅಪ್ಪನೇ. ನಾನು ಹೇಳುವುದಾದರೆ ಎರಡನೆಯದು. ಇಲಿಗಳು, ಮಳೆ ಬಂದಾಗ ಕತ್ತಿನವರೆಗೆ ಏರುವ ನೀರು, ದೊಡ್ಡವರ ಒಳಜಗಳ, ಇದೆಲ್ಲ ಮಗುವಿನ ಕಣ್ಣಿಗೆ ಕಂಡ ಹಾಗೇ ಇದೆ. ಸೋಖಾ ಅವಳಿಗೆ ಹತ್ತಿರದ ಮಾವನ ಹಾಗೆ ಆಗಿಬಿಡುತ್ತಾನೆ. ಯುದ್ಧ ಮುಗಿದ ಮರುವರ್ಷವೇ, 1946ರಲ್ಲಿ, ಸೋವಿಯತ್ ಟ್ರಕ್ಕಿನ ದಾರಿಯಿಂದ ಮಗಳನ್ನು ತಪ್ಪಿಸಲು ಹೋಗಿ ಅವನು ಸತ್ತ.

ದುಡ್ಡಿನ ಮಾತು ಬಂತಲ್ಲ, ಒಂದು ವಿಷಯ ಹೇಳಿಬಿಡುತ್ತೇನೆ. ಜೆರುಸಲೇಮಿನ ಯಾದ್ ವಾಶೆಮ್ ಸಂಸ್ಥೆ 1963ರಿಂದ ಯಹೂದಿಗಳನ್ನು ಉಳಿಸಿದ ಬೇರೆ ಧರ್ಮದವರನ್ನು ಗುರುತಿಸಿ ಗೌರವಿಸುತ್ತಿದೆ. ಇದುವರೆಗೆ 28,000ಕ್ಕೂ ಜಾಸ್ತಿ ಜನ ಪಟ್ಟಿಯಲ್ಲಿದ್ದಾರೆ, ಪೋಲೆಂಡಿನವರೇ 7,000 ದಾಟುತ್ತಾರೆ. ದುಡ್ಡಿನ ಆಸೆಗೆ ಉಳಿಸಿದವರನ್ನು ಸೇರಿಸುವುದಿಲ್ಲ ಅನ್ನುವುದು ಅಲ್ಲಿನ ನಿಯಮ. ಆದರೂ 1978ರಲ್ಲಿ ಸೋಖಾ ಮತ್ತು ಅವನ ಹೆಂಡತಿಯ ಹೆಸರು ಸೇರಿತು. ಸರಿಯಾಗೇ ಮಾಡಿದರು ಅಂತ ನನ್ನ ಅಭಿಪ್ರಾಯ. ಹತ್ತು ಜನಕ್ಕೆ ತಿಂಗಳುಗಟ್ಟಲೆ ಊಟ ತರುವವನು ಬಡವನಾಗಿದ್ದರೆ ದುಡ್ಡು ಎಲ್ಲಿಂದಾದರೂ ಬರಲೇಬೇಕಲ್ವಾ? ತಗೊಂಡದ್ದನ್ನೇ ಹಿಡಿದು ತೂಗಿದರೆ ಬಡವರು ಯಾರೂ ಪಟ್ಟಿಗೆ ಸೇರುವುದೇ ಇಲ್ಲ.

ಇನ್ನು ಒಂದು ಊರಿಗೆ ಊರೇ ಸೇರಿ ಮಾಡಿದ ಕೆಲಸ. ಫ್ರಾನ್ಸಿನ ಗುಡ್ಡಗಾಡಿನಲ್ಲಿ ಲೆ ಶಾಂಬೋನ್ ಅಂತ ಒಂದು ಹಳ್ಳಿ. ಅಲ್ಲಿಯವರು ಹೆಚ್ಚಾಗಿ ಪ್ರಾಟೆಸ್ಟೆಂಟರು, ಕ್ಯಾಥೊಲಿಕ್ ಫ್ರಾನ್ಸಿನಲ್ಲಿ ಹಿಂದೆ ತಮ್ಮ ಪೂರ್ವಿಕರೇ ಕಾಡಿಗೆ ಓಡಿ ಅಡಗಿ ಬದುಕಿದ ನೆನಪು ಇದ್ದವರು. ಪಾದ್ರಿ ಆಂದ್ರೆ ತ್ರೋಕ್ಮೆ, ಅವರ ಹೆಂಡತಿ ಮಾಗ್ದಾ, ಇನ್ನೊಬ್ಬ ಪಾದ್ರಿ ಎದುವಾರ್ ತೇಸ್ ಮುಂದೆ ನಿಂತರು. ಸುತ್ತಲಿನ ರೈತರ ಮನೆ, ಬೋರ್ಡಿಂಗ್ ಮನೆ, ಶಾಲೆಗಳಲ್ಲಿ ಸಾವಿರಾರು ನಿರಾಶ್ರಿತರು ಉಳಿದರು. ಅಮೆರಿಕದ ತತ್ವಶಾಸ್ತ್ರದ ಮೇಷ್ಟ್ರು ಫಿಲಿಪ್ ಹ್ಯಾಲಿ 1979ರಲ್ಲಿ ಬರೆದ 'ಲೆಸ್ಟ್ ಇನ್ನೊಸೆಂಟ್ ಬ್ಲಡ್ ಬಿ ಶೆಡ್' ಈ ಊರನ್ನು ಜಗತ್ತಿಗೆ ಪರಿಚಯಿಸಿತು. ಅದರಲ್ಲಿ ಮಾಗ್ದಾ ಬರುವ ಪುಟಗಳನ್ನು ನಿಧಾನವಾಗಿ ಓದಿ. ಚಳಿಗಾಲದ ರಾತ್ರಿ ಜರ್ಮನಿಯಿಂದ ಓಡಿಬಂದ ಹೆಂಗಸೊಬ್ಬಳು ಬಾಗಿಲು ತಟ್ಟಿ ಒಳಗೆ ಬರಬಹುದಾ ಅಂತ ಕೇಳುತ್ತಾಳೆ, ಬನ್ನಿ ಅಂತ ಮಾಗ್ದಾ ಒಳಗೆ ಕರೆದು ಊಟ ಕೊಡುತ್ತಾಳೆ, ಒದ್ದೆ ಬೂಟುಗಳನ್ನು ಒಲೆಯಲ್ಲಿ ಒಣಗಲು ಇಟ್ಟರೆ ಅವು ಸುಟ್ಟೇ ಹೋಗುತ್ತವೆ! ಇನ್ನೊಂದು ಜೊತೆ ಬೂಟು ಹೊಂದಿಸಲು ಮಾಗ್ದಾ ಊರೆಲ್ಲ ಅಲೆಯಬೇಕಾಗುತ್ತದೆ. ನನಗೆ ಇಡೀ ಪುಸ್ತಕದಲ್ಲಿ ಇಷ್ಟವಾದದ್ದು ಇದೇ.

ಆದರೆ ಹ್ಯಾಲಿ ಒಂದನ್ನೇ ಓದಿ ನಿಲ್ಲಿಸಬೇಡಿ. ಆತ ತ್ರೋಕ್ಮೆಯನ್ನು ಮಧ್ಯೆ ಇಟ್ಟು ಉಳಿದವರನ್ನು ಸುತ್ತ ಕೂರಿಸಿಬಿಟ್ಟಿದ್ದಾರೆ. ಕ್ಯಾರಲಿನ್ ಮೂರ್‌ಹೆಡ್ 2014ರಲ್ಲಿ ಬರೆದ 'ವಿಲೇಜ್ ಆಫ್ ಸೀಕ್ರೆಟ್ಸ್' ಅಕ್ಕಪಕ್ಕದ ಹಳ್ಳಿಗಳನ್ನು, ಮಕ್ಕಳನ್ನು ಶಿಬಿರಗಳಿಂದ ಹೊರತಂದ ಯಹೂದಿ ಸಂಘಟನೆಗಳನ್ನು, ಸುಳ್ಳು ಗುರುತಿನ ಚೀಟಿ ತಯಾರಿಸುತ್ತಿದ್ದ ಆಸ್ಕರ್ ರೊಸೊವ್‌ಸ್ಕಿಯಂಥ ಯುವಕರನ್ನು ಬೆಳಕಿಗೆ ತರುತ್ತದೆ. ಈ ರೊಸೊವ್‌ಸ್ಕಿ ತಾನೇ ಯಹೂದಿ, ತಾನೇ ಅಡಗಿದ್ದವನು. ಉಳಿಸಿದವರು ಒಂದು ಕಡೆ, ಸುಮ್ಮನೆ ಕೈಕಟ್ಟಿ ಕೂತ ಯಹೂದಿಗಳು ಇನ್ನೊಂದು ಕಡೆ ಅನ್ನುವ ಚಿತ್ರ ಇಲ್ಲಿ ಒಡೆಯುತ್ತದೆ. ಮೂರ್‌ಹೆಡ್ ಪುಸ್ತಕದ ಮೇಲೂ ಜಗಳ ಇದೆ. 1944ರಲ್ಲಿ ಅದೇ ಊರಿನಲ್ಲಿ ಯಹೂದಿ ನಿರಾಶ್ರಿತರಿಗೆ ಹುಟ್ಟಿ, ದೊಡ್ಡವರಾದ ಮೇಲೆ ಊರಿನ ಬಗ್ಗೆ ಸಾಕ್ಷ್ಯಚಿತ್ರ ಮಾಡಿದ ಪಿಯರ್ ಸೊವಾಜ್, ಇದರಲ್ಲಿ ತಪ್ಪುಗಳಿವೆ ಅಂತ ಬಹಿರಂಗವಾಗಿ ಜಗಳ ತೆಗೆದರು. ಹಾಗಾಗಿ ಎರಡನ್ನೂ ಪಕ್ಕಪಕ್ಕ ಇಟ್ಟುಕೊಂಡು ಓದುವುದು ಒಳ್ಳೆಯದು.

ಯಾಕೆ ಮಾಡಿದರು ಅಂತ ಕೇಳಿದಿರಿ. ಇದಕ್ಕೆ ಉತ್ತರ ಹುಡುಕಿದ ಇಬ್ಬರು ಸಮಾಜಶಾಸ್ತ್ರಜ್ಞರು, ಇಬ್ಬರೂ ಮಕ್ಕಳಾಗಿದ್ದಾಗ ಪೋಲೆಂಡಿನಲ್ಲಿ ಬೇರೆಯವರ ಆಸರೆಯಲ್ಲೇ ಬದುಕಿ ಉಳಿದವರು. ಸ್ಯಾಮ್ಯುಯೆಲ್ ಓಲಿನರ್‌ಗೆ ಆಗ 12 ವರ್ಷ. ಮನೆಯವರೆಲ್ಲ ಗುಂಡಿಗೆ ಬಲಿಯಾದ ಮೇಲೆ ಬಾಲ್ವಿನಾ ಅನ್ನುವ ರೈತ ಹೆಂಗಸು ಅವನನ್ನು ಒಳಗೆ ಸೇರಿಸಿಕೊಂಡು, ಕ್ಯಾಥೊಲಿಕ್ ಹುಡುಗನ ಹಾಗೆ ಪ್ರಾರ್ಥನೆ ಹೇಳುವುದನ್ನು ಕಲಿಸಿ ಉಳಿಸಿದಳು. ದೊಡ್ಡವನಾಗಿ ಹೆಂಡತಿ ಪರ್ಲ್ ಜೊತೆ ನೂರಾರು ಜನರನ್ನು ಸಂದರ್ಶಿಸಿ 1988ರಲ್ಲಿ 'ದ ಆಲ್ಟ್ರುಯಿಸ್ಟಿಕ್ ಪರ್ಸನಾಲಿಟಿ' ಬರೆದರು. ಉಳಿಸಿದವರನ್ನೂ ಉಳಿಸದೆ ಸುಮ್ಮನಿದ್ದವರನ್ನೂ ಹೋಲಿಸಿ ನೋಡಿದ್ದು ಅದರ ಹೆಚ್ಚುಗಾರಿಕೆ. ಅದರಲ್ಲಿ ನನಗೆ ಮುಖ್ಯ ಅನ್ನಿಸುವ ಮಾತು ಎರಡು. ಒಂದು, ಉಳಿಸಿದವರ ಮನೆಗಳಲ್ಲಿ ಮಕ್ಕಳನ್ನು ಹೊಡೆದು ಬಡಿದು ಬೆಳೆಸಿದ್ದು ಕಡಿಮೆ, ಕಾರಣ ಹೇಳಿ ತಿದ್ದಿದ್ದು ಜಾಸ್ತಿ. ಎರಡು, ಬಹುಪಾಲು ಜನ ತಾವಾಗಿಯೇ ಹುಡುಕಿಕೊಂಡು ಹೋಗಿ ಉಳಿಸಿದವರಲ್ಲ. ಯಾರೋ ಬಂದು ಕೇಳಿದರು, ಇವರು ಹೂಂ ಅಂದರು. ಮೀಪ್ ಕಥೆಯೂ ಅದೇ, ಮಾಗ್ದಾ ಕಥೆಯೂ ಅದೇ.

ಇನ್ನೊಬ್ಬರು ನೆಖಾಮಾ ಟೆಕ್. ಅವರ 'ವೆನ್ ಲೈಟ್ ಪಿಯರ್ಸ್ಡ್ ದ ಡಾರ್ಕ್‌ನೆಸ್' 1986ರದು, ಪೂರ್ತಿ ಪೋಲೆಂಡಿನ ಬಗ್ಗೆ. ಓದು, ಹಣ, ಧರ್ಮ, ರಾಜಕೀಯ, ಯಾವುದನ್ನು ಹಿಡಿದರೂ ಯಾರು ಉಳಿಸುತ್ತಾರೆ ಅಂತ ಹೇಳಲು ಆಗಲ್ಲ ಅನ್ನುತ್ತಾರೆ ಟೆಕ್. ಅವರಿಗೆ ಕಂಡದ್ದು ಬೇರೆ. ಇಂಥವರು ತಮ್ಮ ಊರು ಕೇರಿಯೊಂದಿಗೆ ಪೂರ್ತಿ ಬೆರೆಯದವರು, ಜನ ಏನನ್ನುತ್ತಾರೋ ಅನ್ನುವ ಚಿಂತೆ ಕಡಿಮೆ ಇದ್ದವರು, ಮೊದಲಿನಿಂದಲೂ ಕಷ್ಟದಲ್ಲಿದ್ದವರಿಗೆ ನೆರವಾಗುವ ರೂಢಿ ಇದ್ದವರು. ದುಡ್ಡಿಗಾಗಿ ಬಚ್ಚಿಟ್ಟವರ ಬಗ್ಗೆ, ಯಹೂದಿಗಳನ್ನು ಕಂಡರೆ ಆಗದಿದ್ದರೂ ಉಳಿಸಿದವರ ಬಗ್ಗೆ ಕೂಡ ಬಿಡದೆ ಬರೆದಿದ್ದಾರೆ. ಪುಸ್ತಕ ಸ್ವಲ್ಪ ಒಣ, ಪಾಠದ ಹಾಗಿದೆ. ಅದು ಭಾರ ಅನ್ನಿಸಿದರೆ ಟೆಕ್ ತಮ್ಮ ಬಾಲ್ಯದ ಬಗ್ಗೆ ಬರೆದ 'ಡ್ರೈ ಟಿಯರ್ಸ್' ಓದಿ, ಅವರ ಕುಟುಂಬವನ್ನೇ ದುಡ್ಡು ತಗೊಂಡು ಇಟ್ಟುಕೊಂಡ ಪೋಲಿಷ್ ಮನೆಯ ಕಥೆ ಅದರಲ್ಲಿದೆ.

ಇಲ್ಲಿ ಒಂದು ವ್ಯತ್ಯಾಸ ನೆನಪಿಟ್ಟುಕೊಳ್ಳಿ. ಪೋಲೆಂಡಿನಲ್ಲಿ 1941ರ ಅಕ್ಟೋಬರ್ 15ರ ಆದೇಶದ ನಂತರ ಯಹೂದಿಗೆ ಆಸರೆ ಕೊಟ್ಟರೆ ಮರಣದಂಡನೆ. ಮಾರ್ಕೋವಾ ಹಳ್ಳಿಯ ಉಲ್ಮಾ ಕುಟುಂಬದಲ್ಲಿ, 1944ರ ಮಾರ್ಚ್ 24ರಂದು, ಗಂಡನನ್ನೂ ತುಂಬು ಬಸುರಿ ಹೆಂಡತಿಯನ್ನೂ ಆರು ಮಕ್ಕಳನ್ನೂ ಅವರು ಬಚ್ಚಿಟ್ಟ ಎಂಟು ಯಹೂದಿಗಳ ಜೊತೆಗೇ ಕೊಂದರು. ಹಾಲೆಂಡ್, ಫ್ರಾನ್ಸ್‌ಗಳಲ್ಲಿ ಜೈಲು, ಶಿಬಿರದ ಭಯ ಇತ್ತು, ಆದರೆ ಮನೆಮಂದಿಯನ್ನೆಲ್ಲ ಕೊಲ್ಲುವುದು ಅಲ್ಲಿನ ನಿಯಮವಾಗಿರಲಿಲ್ಲ. ಡಚ್ಚರ ಕಥೆಯನ್ನೂ ಪೋಲರ ಕಥೆಯನ್ನೂ ಒಂದೇ ತಕ್ಕಡಿಯಲ್ಲಿ ಇಡಲಾಗದು.

ಮತ್ತೆ, ಬರೀ ಉಳಿಸಿದವರ ಪುಸ್ತಕಗಳನ್ನೇ ಓದುತ್ತಾ ಹೋದರೆ ಯುರೋಪಿನ ತುಂಬಾ ಬರೀ ಒಳ್ಳೆಯವರೇ ಇದ್ದರು ಅಂತ ಅನ್ನಿಸಿಬಿಡುವ ಅಪಾಯ ಇದೆ. ಹಾಲೆಂಡಿನಲ್ಲಿದ್ದ ಸುಮಾರು 1,40,000 ಯಹೂದಿಗಳಲ್ಲಿ 1,00,000ಕ್ಕೂ ಹೆಚ್ಚು ಜನ ಸತ್ತರು, ಮೀಪ್ ಇದ್ದ ದೇಶ ಅದೇ. ಆದ್ದರಿಂದ ನಡುವೆ ಯಾನ್ ಗ್ರಾಬೋವ್‌ಸ್ಕಿ ಬರೆದ 'ಹಂಟ್ ಫಾರ್ ದ ಜ್ಯೂಸ್' ಕೂಡ ಓದಿ. ಪೋಲೆಂಡಿನ ಒಂದೇ ಒಂದು ಗ್ರಾಮೀಣ ಜಿಲ್ಲೆಯನ್ನು ಹಿಡಿದು, ಅಡಗಿದ್ದ ಯಹೂದಿಗಳು ಹೇಗೆ ಸಿಕ್ಕಿಬಿದ್ದರು ಅಂತ ಕೋರ್ಟು ಕಡತಗಳಿಂದ ತೋರಿಸುತ್ತಾರೆ. ಬಚ್ಚಿಟ್ಟವರು ಹೆಚ್ಚು ಹೆದರಿದ್ದು ಅಕ್ಕಪಕ್ಕದವರಿಗೆ ಅಂತ ಅದನ್ನು ಓದಿದರೆ ತಿಳಿಯುತ್ತದೆ. ಕಹಿ ಪುಸ್ತಕ. ಆದರೆ ಅದನ್ನು ಓದಿದ ಮೇಲೆ ಸೋಖಾ ಇನ್ನೂ ದೊಡ್ಡವನಾಗಿ ಕಾಣುತ್ತಾನೆ.

ನಿಜ ಯಾವುದು, ಕಾದಂಬರಿ ಯಾವುದು ಅನ್ನುವ ಗೊಂದಲ ನಿಮ್ಮೊಬ್ಬರದ್ದಲ್ಲ. ನೀವು ನೋಡಿದ ಸಿನಿಮಾದ ಮೂಲ, ಥಾಮಸ್ ಕೆನೀಲಿಯವರ 'ಶಿಂಡ್ಲರ್ಸ್ ಆರ್ಕ್', 1982ರಲ್ಲಿ ಬೂಕರ್ ಗೆದ್ದದ್ದು ಕಾದಂಬರಿ ಅಂತ. ಬದುಕುಳಿದವರ ಮಾತುಗಳನ್ನು ಆಧರಿಸಿ ಕಾದಂಬರಿಯ ರೀತಿಯಲ್ಲಿ ಹೇಳಿದ್ದು. ಡಯೇನ್ ಆಕರ್‌ಮನ್ ಅವರ 'ದ ಝೂಕೀಪರ್ಸ್ ವೈಫ್' ನಿಜ ಘಟನೆ. ವಾರ್ಸಾದ ಪ್ರಾಣಿಸಂಗ್ರಹಾಲಯದ ಝಬಿನ್‌ಸ್ಕಿ ದಂಪತಿ ಖಾಲಿಯಾದ ಪ್ರಾಣಿಮನೆಗಳಲ್ಲೂ ತಮ್ಮ ಬಂಗಲೆಯಲ್ಲೂ ಸುಮಾರು 300 ಜನರನ್ನು ಅಡಗಿಸಿ ದಾಟಿಸಿದರು. ಅಪಾಯ ಬಂದರೆ ಹೆಂಡತಿ ಅಂತೊನಿನಾ ಪಿಯಾನೊದಲ್ಲಿ ಒಂದು ಗೊತ್ತಾದ ರಾಗ ನುಡಿಸುತ್ತಿದ್ದರು, ಅದೇ ಸೂಚನೆ. ವಿಷಯ ಅದ್ಭುತ, ಬರವಣಿಗೆಯಲ್ಲಿ ಮಾತ್ರ ಅಲಂಕಾರ ಜಾಸ್ತಿ, ಯುದ್ಧದ ನಡುವೆ ಪ್ರಾಣಿ ಪಕ್ಷಿ ಕೀಟಗಳ ವರ್ಣನೆಗೆ ಪುಟಗಟ್ಟಲೆ ನಿಲ್ಲುತ್ತಾರೆ. ಕೆಲವರಿಗೆ ಅದೇ ಇಷ್ಟ. ಕೊರಿ ಟೆನ್ ಬೂಮ್ ಅವರ 'ದ ಹೈಡಿಂಗ್ ಪ್ಲೇಸ್' ಹಾಲೆಂಡಿನ ಹಾರ್ಲೆಮ್ ಊರಿನ ಗಡಿಯಾರ ರಿಪೇರಿಯವರ ಮನೆಯ ಕಥೆ, ಮನೆಯವರನ್ನೆಲ್ಲ ಹಿಡಿದೊಯ್ದರೂ ಗೋಡೆಯ ಹಿಂದೆ ಅಡಗಿದ್ದ ಆರು ಜನ ಎರಡು ದಿನ ಅಲ್ಲೇ ಇದ್ದು ಪಾರಾದರು. ಇದು ಕ್ರೈಸ್ತ ಭಕ್ತಿಯ ಪುಸ್ತಕವೂ ಹೌದು, ಅದನ್ನು ತಿಳಿದೇ ಕೈಗೆತ್ತಿಕೊಳ್ಳಿ. ವಾರ್ಸಾದ ಇರೆನಾ ಸೆಂಡ್ಲರ್ ಬಗ್ಗೆ ಏನೇ ಓದಿದರೂ, ಒಬ್ಬಳೇ 2,500 ಮಕ್ಕಳನ್ನು ಯಹೂದಿ ಕೇರಿಯಿಂದ ಹೊರಗೆ ತಂದಳು ಅಂತ ಬರೆದಿದ್ದರೆ ಹುಷಾರು. ಒಂದು ದೊಡ್ಡ ಹೆಂಗಸರ ಬಳಗ ಸೇರಿ ಮಾಡಿದ ಕೆಲಸ ಅದು, ಸೆಂಡ್ಲರ್ ಕೂಡ ಅದನ್ನು ಹೇಳಿದ್ದಾರೆ. ಆ ಸಂಖ್ಯೆಯನ್ನೂ ಪೋಲೆಂಡಿನ ಆನಾ ಬಿಕೋಂಟ್ ಸೆಂಡ್ಲರ್ ಬಗ್ಗೆ ಬರೆದ ಜೀವನಚರಿತ್ರೆಯಲ್ಲಿ ಪ್ರಶ್ನಿಸಿದ್ದಾರೆ.

ಚಿಕ್ಕದಾಗಿ ಏನಾದರೂ ಬೇಕು ಅಂದರೆ ಇಟಲಿಯ ಯಹೂದಿ ಲೇಖಕ ಪ್ರಿಮೊ ಲೆವಿ. ಆಶ್ವಿಟ್ಸ್ ಶಿಬಿರದಲ್ಲಿದ್ದ ಲೆವಿಗೆ ಲೊರೆಂಜೊ ಅನ್ನುವ ಇಟಲಿಯ ಗಾರೆ ಕೆಲಸದವನು 1944ರಲ್ಲಿ ಆರು ತಿಂಗಳು ದಿನಾ ತನ್ನ ಪಾಲಿನ ಸೂಪು ಕೊಟ್ಟ, ಒಂದು ತೇಪೆ ಹಾಕಿದ ಬನಿಯನ್ ಕೊಟ್ಟ, ಊರಿಗೆ ಕಾಗದ ಬರೆದು ಉತ್ತರ ತರಿಸಿಕೊಟ್ಟ. ಪ್ರತಿಯಾಗಿ ಏನೂ ತಗೊಳ್ಳಲಿಲ್ಲ, ಮಾತೂ ಕಡಿಮೆ. 'ಇಫ್ ದಿಸ್ ಈಸ್ ಎ ಮ್ಯಾನ್' ಪುಸ್ತಕದಲ್ಲಿ ಅವನ ಬಗ್ಗೆ ಇರುವುದು ಕೆಲವೇ ಪುಟ. ಲೆವಿ ಮುಂದೆ ತನ್ನ ಮಗಳಿಗೂ ಮಗನಿಗೂ ಅವನ ಹೆಸರು ಸೇರಿಸಿ ಇಟ್ಟರು. ಲೊರೆಂಜೊ ಮಾತ್ರ ಅಲ್ಲಿ ಕಂಡದ್ದನ್ನು ಮರೆಯಲಾಗದೆ ಕುಡಿತಕ್ಕೆ ಬಿದ್ದು 1952ರಲ್ಲಿ ತೀರಿಕೊಂಡ.

ಈಗ ಮಗಳ ವಿಷಯ. ಲೋಯಿಸ್ ಲೌರಿ ಬರೆದ 'ನಂಬರ್ ದ ಸ್ಟಾರ್ಸ್' ಕೊಡಿ. ಮಕ್ಕಳ ಕಾದಂಬರಿ, 1990ರಲ್ಲಿ ಅಮೆರಿಕದ ನ್ಯೂಬೆರಿ ಪದಕ ಬಂದದ್ದು, ಇಂಗ್ಲಿಷ್ ಸರಳವಾಗಿದೆ. ಪಾತ್ರಗಳು ಕಲ್ಪಿತ, ಹಿನ್ನೆಲೆ ನಿಜ. 1943ರ ಅಕ್ಟೋಬರಿನಲ್ಲಿ ಡೆನ್ಮಾರ್ಕಿನ ಜನ 7,000ಕ್ಕೂ ಹೆಚ್ಚು ಯಹೂದಿಗಳನ್ನು ಮೀನು ದೋಣಿಗಳಲ್ಲಿ ಸ್ವೀಡನ್ನಿಗೆ ದಾಟಿಸಿದರು. ದೋಣಿ ತಪಾಸಣೆಗೆ ಜರ್ಮನ್ನರು ತರುತ್ತಿದ್ದ ನಾಯಿಗಳ ಮೂಗು ಕೆಲಸ ಮಾಡದಂತೆ ಔಷಧಿ ಹಚ್ಚಿದ ಕರ್ಚೀಫಿನ ಪ್ರಸಂಗ ಕಟ್ಟುಕಥೆಯ ಹಾಗಿದ್ದರೂ ನಡೆದದ್ದೇ. ನಾಜಿಗಳು ಯಹೂದಿಗಳಿಗೆ ಗುರುತಿಗಾಗಿ ತೊಡಿಸುತ್ತಿದ್ದ ಹಳದಿ ನಕ್ಷತ್ರವನ್ನು ಡೆನ್ಮಾರ್ಕಿನ ರಾಜ ತಾನೂ ತೊಟ್ಟ ಅಂತ ಅವಳು ಎಲ್ಲಾದರೂ ಓದಿ ಬಂದು ಹೇಳಿದರೆ, ಅದು ಸುಳ್ಳು. ಡೆನ್ಮಾರ್ಕಿನಲ್ಲಿ ಯಹೂದಿಗಳಿಗೇ ಆ ನಕ್ಷತ್ರ ತೊಡಿಸಿರಲಿಲ್ಲ. ದೋಣಿಯವರು ದುಡ್ಡು ತಗೊಂಡರು, ಮೊದಮೊದಲು ಜಾಸ್ತಿಯೇ ತಗೊಂಡರು ಅನ್ನುವುದನ್ನು ಕಾದಂಬರಿ ಹೇಳುವುದಿಲ್ಲ. ಓದಿದ ಮೇಲೆ ನೀವೇ ಹೇಳಿ, ಎಂಟನೇ ಕ್ಲಾಸಿನ ಹುಡುಗಿಗೆ ಅದು ಅರ್ಥವಾಗುತ್ತದೆ.

ಆಮೇಲೆ ಮೀಪ್ ಪುಸ್ತಕವನ್ನು ಇಬ್ಬರೂ ಒಟ್ಟಿಗೆ ಓದಬಹುದು. ಐರೀನ್ ಗುಟ್ ಓಪ್‌ಡೈಕ್ ಅವರ 'ಇನ್ ಮೈ ಹ್ಯಾಂಡ್ಸ್' ಹದಿಹರೆಯದವರಿಗೆ ಅಂತ ಅಂಗಡಿಯಲ್ಲಿ ಸಿಗುತ್ತದೆ, ಆದರೆ ಸ್ವಲ್ಪ ತಡೆಯಿರಿ. ಜರ್ಮನ್ ಮೇಜರ್ ಒಬ್ಬನ ಮನೆ ನೋಡಿಕೊಳ್ಳುತ್ತಿದ್ದ ಈ ಪೋಲಿಷ್ ಹುಡುಗಿ ಅವನದೇ ಮನೆಯ ನೆಲಮಾಳಿಗೆಯಲ್ಲಿ 12 ಯಹೂದಿಗಳನ್ನು ಅಡಗಿಸಿಟ್ಟಳು. ಅವನಿಗೆ ಗೊತ್ತಾದಾಗ ಸುಮ್ಮನಿರಲು ಅವನು ಕೇಳಿದ ಬೆಲೆ ಅವಳ ದೇಹ. ಇದನ್ನು ಅವಳು ಮುಚ್ಚುಮರೆಯಿಲ್ಲದೆ ಬರೆದಿದ್ದಾಳೆ. ಮೊದಲು ನೀವು ಓದಿ, ಮಗಳಿಗೆ ಯಾವಾಗ ಕೊಡಬೇಕು ಅಂತ ಆಮೇಲೆ ನೋಡಿ.